ತಾಗದ ಬಿಸಿ

ಚುಂಯ್.

ನೀರಿನ ಹನಿಯೊಂದು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಬಿದ್ದು ಸತ್ತ ಸದ್ದು. ಕೆಂಡಕ್ಕ ಬೆರಳನ್ನು ಲೋಟದಲ್ಲಿ ಅದ್ದಿ, ಪೆಟ್ಟಿಗೆಯನ್ನು ಓರೆಯಾಗಿ ಎತ್ತಿ, ಹನಿ ಚಿಮ್ಮಿಸಿ, ತಲೆ ವಾಲಿಸಿ ಕೇಳುತ್ತಾಳೆ. ಸದ್ದು ಎಳೆದುಕೊಂಡು ಸತ್ತರೆ ರೇಷ್ಮೆಗೆ ಸರಿ. ಹನಿ ಪುಟಿದು ಓಡಿದರೆ ದಪ್ಪ ಹತ್ತಿಗೆ. ಆಮೇಲೆ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು ಒಂದು ಕ್ಷಣ ಹಿಡಿಯುತ್ತಾಳೆ. ಬಿಸಿಯನ್ನು ಅಳೆಯಲು ಪೆಟ್ಟಿಗೆಯ ತಲೆಯ ಮೇಲೆ ತಿರುಗಿಸುವ ಗುಂಡಿ ಇದೆ. ಅದನ್ನು ಅವಳು ಲೆಕ್ಕಕ್ಕೇ ಇಟ್ಟವಳಲ್ಲ.

"ಗುಂಡಿಗೇನು ಗೊತ್ತು? ಅದಕ್ಕೇನು ಚರ್ಮ ಇದೆಯಾ?"

ಇದ್ದಿಲಿನ ಪೆಟ್ಟಿಗೆಯ ಕಾಲದಲ್ಲಿ ಬಂದ ಹೆಸರು ಕೆಂಡಕ್ಕ. ಇದ್ದಿಲು ಹೋಗಿ ಕರೆಂಟು ಬಂದರೂ ಹೆಸರು ಆರಲಿಲ್ಲ. ಅದನ್ನು ಊದಿ ಊದಿ ಉರಿಸಿಟ್ಟದ್ದು ಅವಳ ಬಾಯಿ. ಗಂಡ ತೀರಿಕೊಂಡ ಮೇಲೆ ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಒಬ್ಬಳೇ ನಿಂತು ಅಂಗಡಿ ನಡೆಸಿದಳು. ಮಗನನ್ನೂ ಮಗಳನ್ನೂ ಇಸ್ತ್ರಿ ಮೇಜಿನ ಕೆಳಗೇ ಮಲಗಿಸಿ ಬೆಳೆಸಿದಳು. ಕಂಬಳಿ ಮಡಿಸಿ ಹಾಸಿದ ಮೇಜು, ಅದರ ಒಂದು ಮೂಲೆಯಲ್ಲಿ ಹಳೆಯ ಸುಟ್ಟ ಗುರುತು, ಕೆಳಗೆ ಚಾಪೆ. ಆ ಚಾಪೆಯ ಮೇಲೆ ಚಪ್ಪಲಿ ಮೆಟ್ಟಿದವರು ಇಲ್ಲ. ವಸತಿಗೃಹದ ಬಿಳಿ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡುವಾಗ ಅವು ಮೇಜಿನಿಂದ ಇಳಿದು ನೆಲದವರೆಗೆ ಬರುತ್ತವೆ. ಧೂಳು ತಾಗಿದರೆ ಮರಳಿ ಒಗೆತಕ್ಕೆ. ಬರಿಗಾಲು ಅಂಗಡಿಯ ಕಾನೂನು. ಮರೆತು ಒಳಗೆ ಬಂದ ಗಿರಾಕಿಯ ಚಪ್ಪಲಿ ಬೀದಿಯಲ್ಲಿ ಬಿದ್ದದ್ದೂ ಉಂಟು.

ಮಗ ಲಾರಿ ಚಾಲಕ. ಜಗಳ ಕೇಳಿಸದಷ್ಟು ದೂರದ ಬಾಡಿಗೆಯನ್ನೇ ಹುಡುಕಿ ಹಿಡಿಯುತ್ತಾನೆ ಎಂದು ಬೀದಿಯವರು ನಗುತ್ತಿದ್ದರು. ಜಗಳವೆಂದರೆ ಅತ್ತೆ ಸೊಸೆಯರದು. ಸೊಸೆ ಮದುವೆಗೆ ಮುಂಚೆ ಹೊಲಿಗೆ ಕಾರ್ಖಾನೆಯಲ್ಲಿದ್ದವಳು. ಅಂಗಿಯ ತೋಳನ್ನು ಹಿಂದಕ್ಕೆ ಒಂದೇ ಮಡಿಕೆಗೆ ಮಡಿಸುತ್ತಿದ್ದಳು. ಕೆಂಡಕ್ಕನದು ಎರಡು ಮಡಿಕೆ. ಆ ಒಂದು ಮಡಿಕೆಯ ಅಂತರದಲ್ಲಿ ಅವರಿಬ್ಬರೂ ವರ್ಷಗಟ್ಟಲೆ ಕಾದಾಡಿದರು.

ಕೆಂಡಕ್ಕನಿಗೆ ಶುಗರ್ ಇದೆಯೆಂದು ಗೊತ್ತಾಗಿ ಬಹಳ ಕಾಲವಾಗಿತ್ತು. ಮೊದಮೊದಲು ಅಂಗಾಲುಗಳಿಗೆ ಮೆಣಸಿನಪುಡಿ ಎರಚಿದಂಥ ಉರಿ. ಹೊದಿಕೆ ತಾಗಿದರೂ ಸಹಿಸಲಾಗದು. ಬಯ್ಯುತ್ತಲೇ ಮಾತ್ರೆ ನುಂಗುತ್ತಿದ್ದಳು. ಒಂದು ಬೇಸಿಗೆಯಲ್ಲಿ ಆ ಉರಿ ತಾನಾಗಿಯೇ ನಿಂತಿತು.

"ಉರಿ ಹೋಯ್ತು, ಕಾಯಿಲೆನೂ ಹೋಯ್ತು," ಎಂದು ಮಾತ್ರೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು.

"ಡಾಕ್ಟರನ್ನ ಒಂದ್ಸಲ ಕೇಳಿ ಬಿಡಬಹುದಿತ್ತು," ಎಂದಳು ಸೊಸೆ.

"ಕಾಲು ನಂದು. ಅದರ ಸುದ್ದಿ ನನಗಿಂತ ಮೊದಲು ಡಾಕ್ಟರಿಗೆ ಗೊತ್ತಾಗತ್ತಾ? ನೀನು ತೋಳು ಮಡಿಸೋದು ಕಲಿ."

ಉರಿ ಹೋದ ಜಾಗಕ್ಕೆ ಚಳಿ ಬಂದು ಕೂತಿತು. ಪಾದಗಳು ಯಾರದೋ ಪಾದಗಳಂತೆ ಮೇಜಿನ ಕೆಳಗೆ ನಿಂತಿರುತ್ತಿದ್ದವು. ಇಸ್ತ್ರಿ ಮಾಡುವವರ ಮನೆಗಳಲ್ಲಿ ಮೈಕೈ ನೋವಿಗೆ ಒಂದೇ ಔಷಧ: ಒದ್ದೆ ಟವಲು ಮಡಿಸಿ ಹಾಕಿ, ಮೇಲೆ ಪೆಟ್ಟಿಗೆ ಎಳೆಯುವುದು. ಗಂಡನ ಬೆನ್ನನ್ನು ಕೆಂಡಕ್ಕ ಹೀಗೇ ಸಾಕಿದ್ದಳು. ಒಂದು ರಜೆಯ ಮಧ್ಯಾಹ್ನ ಬಾಗಿಲು ಎಳೆದು, ಚಾಪೆಯ ಮೇಲೆ ಕೂತು, ಕಾಲನ್ನು ಸ್ಟೂಲಿನ ಮೇಲೆ ನೀಡಿದಳು.

"ಎಳಿ."

ಸೊಸೆ ಒದ್ದೆ ಟವಲನ್ನು ಅಂಗಾಲಿಗೆ ಸುತ್ತಿ, ಅದರ ಮೇಲೆ ಪೆಟ್ಟಿಗೆ ಎಳೆದಳು.

"ಏನೂ ತಾಗ್ತಿಲ್ಲ. ಬೆಚ್ಚಗಿನ ನೀರಲ್ಲಿ ಬಟ್ಟೆ ನೆನೆಸ್ತಿದ್ದೀಯಾ? ಇನ್ನೂ ಬಿಸಿ."

"ಅತ್ತೆ, ಹಬೆ ಬರ್ತಿದೆ. ಹಿಡಿದಿರೋ ನನ್ನ ಕೈಗೇ ತಡೆಯೋಕಾಗ್ತಿಲ್ಲ."

"ನಿಂದು ಬೆಣ್ಣೆಗೈ. ಒತ್ತು. ಇನ್ನೂ ಬಿಸಿ."

ಸೊಸೆ ಒತ್ತಿದಳು. ಅವಳ ಒತ್ತುವಿಕೆಯಲ್ಲಿ ಸ್ವಲ್ಪ ಸಿಟ್ಟೂ ಇತ್ತೆಂಬುದನ್ನು ಅವಳು ಆಮೇಲೆ ತನಗೆ ತಾನೇ ಒಪ್ಪಿಕೊಂಡಳು. ಕೆಂಡಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಹಾಗೇ ನಿದ್ದೆ ಹತ್ತಿತು.

ಕೆಲವು ದಿನ ಕಳೆದು ವಸತಿಗೃಹದ ಹಾಸುಬಟ್ಟೆಯೊಂದರ ಅಂಚಿನಲ್ಲಿ ಹಳದಿ ಕಲೆ ಕಾಣಿಸಿತು. ಪಕ್ಕದಲ್ಲಿ ಇನ್ನೊಂದು. ಕೆಂಡಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ಕಿರುಚಿದಳು.

"ಏನು ಚೆಲ್ಲಿದೀಯ ಇದರ ಮೇಲೆ? ಕಣ್ಣೇನು ತವರಲ್ಲಿ ಬಿಟ್ಟು ಬಂದಿದೀಯಾ?"

ಸೊಸೆ ಉತ್ತರ ಕೊಡಲು ಬಾಯಿ ತೆರೆದವಳು ಚಾಪೆಯ ಮೇಲಿನ ಕಲೆಗಳನ್ನು ನೋಡಿದಳು. ಅವು ಮೇಜಿನ ಈ ತುದಿಯಿಂದ ಆ ತುದಿಗೆ, ಅತ್ತೆ ನಡೆದಾಡುವ ದಾರಿಯಲ್ಲೇ ಇದ್ದವು. ಸೊಸೆ ಬಗ್ಗಿ ಅತ್ತೆಯ ಹಿಮ್ಮಡಿ ಹಿಡಿದು ಎತ್ತಿದಳು. ಅಂಗಾಲಿನಲ್ಲಿ ಬೊಬ್ಬೆ ಒಡೆದು, ಅಂಗೈಯಗಲದ ಹಸಿ ಗಾಯ ಬಾಯಿ ತೆರೆದಿತ್ತು. ಆ ಗಾಯದ ಮೇಲೆ ಕೆಂಡಕ್ಕ ಇಷ್ಟು ದಿನವೂ ನಿಂತು ದುಡಿದಿದ್ದಳು.

"ಅತ್ತೆ, ನೋವಾಗ್ತಿಲ್ವಾ?"

ಕೆಂಡಕ್ಕ ಗೋಡೆಯ ಕನ್ನಡಿ ಕಿತ್ತು ತಂದು, ಕಾಲ ಕೆಳಗೆ ಹಿಡಿದು ನೋಡಿದಳು. ಮೊದಲು ಮುಖ ಬಿಳಿಚಿತು. ಆಮೇಲೆ ಬೀದಿಗೆ ಕೇಳುವಂತೆ ಕೂಗಿದಳು.

"ಸುಟ್ಲು! ಸೊಸೆ ನನ್ನನ್ನ ಸುಟ್ಲು!"

ಬೀದಿಗೆ ಅಷ್ಟು ಸಾಕಾಗಿತ್ತು. ಸಂಜೆಯೊಳಗೆ ಮಗಳು ಓಡಿ ಬಂದಳು. ಪಕ್ಕದ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು ಅವಳು. ಅವಳ ಕುರ್ಚಿಯಲ್ಲಿ ಕೂತ ಮುಖಕ್ಕೆಲ್ಲ ಬಣ್ಣದ ಜೊತೆ ಒಂದು ಸುದ್ದಿಯೂ ಸಿಗುತ್ತಿತ್ತು.

"ಪೊಲೀಸರಿಗೆ ಹೇಳ್ತೀನಿ. ಅಣ್ಣ ಬರಲಿ, ಇವಳ ಗಂಟುಮೂಟೆ ಕಟ್ಟಿಸ್ತೀನಿ."

"ಇನ್ನೂ ಬಿಸಿ, ಇನ್ನೂ ಬಿಸಿ ಅಂದೋರು ಯಾರು ಅಂತ ನಿಮ್ಮಮ್ಮನ್ನ ಕೇಳಿ," ಎಂದಳು ಸೊಸೆ.

"ಅಂದೆ. ಬಿಸಿ ಅಂದೆ, ಸುಡು ಅಂದ್ನಾ?" ಕೆಂಡಕ್ಕ ಎದೆ ತಟ್ಟಿಕೊಂಡಳು. "ನಾನು ನಿದ್ದೆ ಹೋದ ಮೇಲೆ ಸುಟ್ಟಿದ್ದಾಳೆ. ಎಚ್ಚರ ಇದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ? ರೇಷ್ಮೆಗೂ ಹತ್ತಿಗೂ ಕೆನ್ನೆಯಲ್ಲೇ ಬಿಸಿ ಹೇಳೋ ಹೆಂಗಸು ನಾನು!"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದು ಮನಸಾರೆ ನಂಬಿದ್ದಳು. ಜೀವನದಲ್ಲಿ ಯಾರನ್ನೂ ನಂಬದವಳು ತನ್ನ ಚರ್ಮವೊಂದನ್ನು ನಂಬಿದ್ದಳು.

ಮರುದಿನ ಬೆಳಿಗ್ಗೆ ಮೂವರೂ ಆಸ್ಪತ್ರೆಯ ಗಾಯದ ಕೋಣೆಯ ಮುಂದೆ, ಒಂದೇ ಬೆಂಚಿನ ಮೇಲೆ, ಮೂರು ದಿಕ್ಕಿಗೆ ಮುಖ ಮಾಡಿ ಕೂತರು. ಒಳಗಿದ್ದ ಡಾಕ್ಟರಮ್ಮನಿಗೆ ನಿದ್ದೆ ಸಾಲದ ಕಣ್ಣು, ತಾಳ್ಮೆ ಸಾಲದ ನಾಲಗೆ. ಉರಿ ನಿಂತದ್ದರಿಂದ ಹಿಡಿದು ನಡೆದದ್ದನ್ನೆಲ್ಲ ಕೇಳಿಕೊಂಡು, ಗಾಯವನ್ನು ತೊಳೆದು ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದಳು.

"ಇಸ್ತ್ರಿ," ಎಂದಳು ಕೆಂಡಕ್ಕ. "ನಿನ್ನ ಬಿಳಿ ಕೋಟಿಗೂ ಒಂದ್ಸಲ ಬೇಕು."

"ಸೊಸೆ ಸುಟ್ಟಿದ್ದು ಅಂತ ಬರೆದುಕೊಡಿ ಡಾಕ್ಟರೇ," ಎಂದು ಮಗಳು ಮುಂದೆ ಬಂದಳು.

ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಸರಿಸಿದಳು. ಮೀನಿನ ಗಾಳದ ದಾರದಂಥ ಒಂದು ತುಂಡು ಎಳೆ ಸಿಕ್ಕಿಸಿದ ಹಿಡಿಕೆಯನ್ನು ತೆಗೆದಳು. "ಕಣ್ಣು ಮುಚ್ಚಿ ಅಮ್ಮ. ಇದು ತಾಗಿದಾಗೆಲ್ಲ ಹೂಂ ಅನ್ನಿ."

ಎಳೆ ಕೈಯ ಹಿಂಬದಿಗೆ ತಾಗಿತು. "ಹೂಂ." ಮೊಣಕೈಗೆ. "ಹೂಂ. ನಾನೇನು ಮಗುವಾ?"

ಆಮೇಲೆ ಎಳೆ ಕಾಲಿಗೆ ಇಳಿಯಿತು. ಸೊಸೆ ನೋಡುತ್ತಿದ್ದಳು. ಮಗಳೂ ನೋಡುತ್ತಿದ್ದಳು. ಎಳೆ ಹೆಬ್ಬೆರಳಿನ ಬುಡಕ್ಕೆ, ಅಂಗಾಲಿನ ಅಂಚಿಗೆ, ಕಿರುಬೆರಳಿನ ಕೆಳಗೆ ಒತ್ತಿ ಬಾಗುತ್ತಿತ್ತು, ಎದ್ದು ಮತ್ತೆ ಬಾಗುತ್ತಿತ್ತು. ಗಾಯವಿಲ್ಲದ ಇನ್ನೊಂದು ಕಾಲಿಗೂ ಹೋಯಿತು.

"ಶುರು ಮಾಡು ತಾಯಿ," ಎಂದಳು ಕೆಂಡಕ್ಕ ಕಣ್ಣು ಮುಚ್ಚಿಕೊಂಡೇ. "ಅಂಗಡಿಯಲ್ಲಿ ಬಟ್ಟೆ ಬಿದ್ದಿದೆ. ಎಷ್ಟೊತ್ತು ಕಾಯಿಸ್ತೀಯ?"

ಡಾಕ್ಟರಮ್ಮ ಎಳೆಯನ್ನು ಮತ್ತೆ ಗಾಯದ ಕಾಲಿಗೆ ತಂದು ಒತ್ತಿ ಹಿಡಿದಳು.

"ಕಣ್ಣು ಬಿಡಿ," ಎಂದಳು ಡಾಕ್ಟರಮ್ಮ.

ಎಳೆ ಅಂಗಾಲಿನ ಮೇಲೆ ಬಿಲ್ಲಿನಂತೆ ಬಾಗಿ ನಿಂತಿತ್ತು. ಕೆಂಡಕ್ಕ ಅದನ್ನು ಕಿತ್ತುಕೊಂಡು ತನ್ನ ಅಂಗೈಗೆ ಚುಚ್ಚಿಕೊಂಡಳು. ತಾಗಿತು. ಕಾಲಿಗೆ ಚುಚ್ಚಿದಳು. ಉಗುರಿನಿಂದ ಕಿರುಬೆರಳನ್ನು ಚಿವುಟಿದಳು, ಬಿಳಿಯಾಗುವವರೆಗೆ. ಬೆರಳು ಬಿಳಿಯಾಯಿತು, ಅಷ್ಟೇ.

"ಅವತ್ತು ನೀವು ಎಚ್ಚರವಾಗೇ ಇದ್ದಿದ್ರೂ ಗೊತ್ತಾಗ್ತಿರಲಿಲ್ಲ," ಎಂದಳು ಡಾಕ್ಟರಮ್ಮ. ದನಿ ಮೊದಲಿಗಿಂತ ತಗ್ಗಿತ್ತು. "ಶುಗರ್ ವರ್ಷಗಟ್ಟಲೆ ಏರಿದ್ರೆ ನರಗಳು ಹಾಳಾಗ್ತವೆ. ಮೊದಲು ಉರಿ, ಜುಮುಜುಮು. ಆಮೇಲೆ ಸುಮ್ಮನಾಗ್ತವೆ. ಉರಿ ನಿಂತಿದ್ದು ವಾಸಿಯಾಗಿ ಅಲ್ಲ. ಕೂಗಿ ಕೂಗಿ ಅವಕ್ಕೆ ಗಂಟಲು ಕಟ್ಟಿತು. ಚಳಿ ಅನ್ನಿಸಿದ್ರೆ ಕಾಲುಚೀಲ ಹಾಕಿ. ಇಸ್ತ್ರಿಪೆಟ್ಟಿಗೆ, ಬಿಸಿನೀರಿನ ಚೀಲ, ಒಲೆ, ಯಾವುದರ ಕಾವೂ ಬೇಡ. ನೀರು ಬಿಸಿಯೋ ಅಲ್ವೋ ಮೊಣಕೈಯಲ್ಲಿ ನೋಡಬೇಕು, ಕಾಲಲ್ಲಿ ಅಲ್ಲ. ಮಾತ್ರೆ ನಿಲ್ಲಿಸಬಾರದು. ಗಾಯ ಮಾಯೋವರೆಗೆ ಈ ಕಾಲಿನ ಮೇಲೆ ಭಾರ ಹಾಕಬಾರದು."

"ಕಾಲು ಉಳಿಯತ್ತಾ?" ಕೇಳಿದವಳು ಸೊಸೆ.

"ದಿನಾ ಅಂಗಾಲು ನೋಡಿದ್ರೆ ಉಳಿಸಬಹುದು. ಕೆಂಪಾದ್ರೆ, ಊದಿದ್ರೆ, ವಾಸನೆ ಬಂದ್ರೆ ಅವತ್ತೇ ಬರಬೇಕು. ಇವರ ಕಣ್ಣೂ ಮಂಜು, ಬಗ್ಗೋಕೂ ಆಗಲ್ಲ. ಯಾರು ನೋಡ್ತೀರಿ?"

ಮಗಳು ಫೋನ್ ತೆಗೆದು ನೋಡಿಕೊಂಡಳು. "ನಂಗೆ ಅಂಗಡಿ ಇದೆ. ಕೀವು ಕಂಡ್ರೆ ವಾಂತಿ ಬರತ್ತೆ."

ಕೆಂಡಕ್ಕ ಗೋಡೆ ನೋಡುತ್ತ ಕೂತಳು.

ಆಟೋದಲ್ಲಿ ಸೊಸೆ ಅತ್ತೆಯ ಮುಖ ನೋಡದೆಯೇ, ಮೊದಲ ಬಾರಿಗೆ ಖಡಾಖಂಡಿತವಾಗಿ ಮಾತಾಡಿದಳು. "ಗಾಯ ಮಾಯೋವರೆಗೆ ಇರ್ತೀನಿ. ಅಷ್ಟರೊಳಗೆ ನೀವು ಬೀದಿಗೆ ಹೇಳಿದ್ದನ್ನ ನಿಮ್ಮ ಬಾಯಲ್ಲೇ ವಾಪಸ್ ತಗೋಬೇಕು. ಇಲ್ಲಾಂದ್ರೆ ಆಮೇಲೆ ನಿಮ್ಮ ಕಾಲು ನೀವೇ ನೋಡ್ಕೊಳ್ಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿಸ್ಕೊಂಡು ಬದುಕೋಕೆ ನಾನು ಎಮ್ಮೆ ಅಲ್ಲ."

"ಎಮ್ಮೆ ಆಗಿದ್ರೆ ಹಾಲಾದ್ರೂ ಕೊಡ್ತಿತ್ತು," ಎಂದಳು ಕೆಂಡಕ್ಕ. ಮಾತಿನಲ್ಲಿ ಎಂದಿನ ಕಾವಿರಲಿಲ್ಲ.

ಬರಿಗಾಲು ಕೂಡದೆಂದು ಆಸ್ಪತ್ರೆಯವರು ದಪ್ಪ ಅಟ್ಟೆಯ ಮೆತ್ತನೆ ಪಾದರಕ್ಷೆ ಕೊಟ್ಟಿದ್ದರು. ಅದನ್ನು ಹೊಸಿಲಿನಲ್ಲೇ ಬಿಟ್ಟು ಕುಂಟುತ್ತ ಒಳಗೆ ಹೋಗಲು ಕೆಂಡಕ್ಕ ನೋಡಿದಳು. "ಚಾಪೆ ಮೇಲೆ ಚಪ್ಪಲಿಯಾ? ನನ್ನ ಹೆಣದ ಮೇಲೆ ಮೆಟ್ಟು." ಸೊಸೆ ಚಾಪೆಯನ್ನೇ ಸುತ್ತಿ ಅಟ್ಟಕ್ಕೆ ಹಾಕಿ, ಅಲ್ಲಿಂದ ಮಾತ್ರೆಯ ಡಬ್ಬಿಯನ್ನು ಇಳಿಸಿದಳು. ಹಳೆಯದನ್ನು ಚೆಲ್ಲಿ, ಡಾಕ್ಟರಮ್ಮ ಬರೆದ ಹೊಸ ಮಾತ್ರೆಗಳನ್ನು ತುಂಬಿಟ್ಟಳು. ಮೇಜಿನ ಅಂಚಿನ ಉದ್ದಕ್ಕೂ ಒಗೆದ ಬಟ್ಟೆಯ ಜೋಲಿ ಕಟ್ಟಿದಳು. ಇಳಿಬಿದ್ದ ಹಾಸುಬಟ್ಟೆ ಈಗ ನೆಲಕ್ಕೆ ಬರದೆ ಜೋಲಿಯಲ್ಲೇ ಕೂರುತ್ತಿತ್ತು.

"ಬಾವಲಿ ಗೂಡು," ಎಂದಳು ಕೆಂಡಕ್ಕ. ಆದರೆ ಅದನ್ನು ಬಿಚ್ಚಲಿಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು, ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ನೀಡಿ, ಕಾಲರುಗಳನ್ನಷ್ಟೇ ಇಸ್ತ್ರಿ ಮಾಡಿದಳು. ಬೆಳಿಗ್ಗೆ ಬೆಳಿಗ್ಗೆ ಸೊಸೆ ಎರಡೂ ಅಂಗಾಲುಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳ ಸಂದು ಸಂದು ಬಿಡಿಸಿ ನೋಡುತ್ತಿದ್ದಳು. ಆ ಕೈಗಳಲ್ಲಿ ಪ್ರೀತಿ ಇರಲಿಲ್ಲ. ಹೊಲಿಗೆ ಪರೀಕ್ಷಿಸುವವಳ ಗಮನ ಮಾತ್ರ ಇತ್ತು. ಗಾಯದ ಅಂಚು ನಿಧಾನವಾಗಿ ಒಳಕ್ಕೆ ಸರಿಯತೊಡಗಿತು. ಸೊಸೆಯ ಬಟ್ಟೆಯ ಪೆಟ್ಟಿಗೆ ಮಾತ್ರ ಕಟ್ಟಿಯೇ ಬಾಗಿಲ ಹಿಂದೆ ನಿಂತಿತ್ತು.

ಒಂದು ಬೆಳಿಗ್ಗೆ ಮಗಳು ಫೋನನ್ನು ಕೈಯಲ್ಲಿ ಚಾಚಿಕೊಂಡೇ ಒಳಗೆ ಬಂದಳು. ಅದರಿಂದ ಲಾರಿಯ ಗುಡುಗು ಕೇಳುತ್ತಿತ್ತು. "ಅಣ್ಣ ಲೈನಲ್ಲಿದ್ದಾನೆ. ನಾಳೆ ಬರ್ತಾನಂತೆ. ಯಾರು ಸುಟ್ಟಿದ್ದು ಅಂತ ನೀನೇ ಹೇಳಮ್ಮ. ನಾನು ಹೇಳಿದ್ರೆ ನಂಬಲ್ಲ."

"ಡಾಕ್ಟರು ಹೇಳಿದಾಗ ನೀನೂ ಅಲ್ಲೇ ಇದ್ದೆ," ಎಂದಳು ಕೆಂಡಕ್ಕ.

"ಡಾಕ್ಟರು ಸಾವಿರ ಹೇಳ್ತಾರೆ. ಊರಿಗೆಲ್ಲ ಹೇಳಿಯಾಗಿದೆ. ಈಗ ನೀನು ಮಾತು ತಿರುಗಿಸಿದ್ರೆ ನನ್ನ ಮುಖ ಎಲ್ಲಿಡಲಿ?"

ಸೊಸೆ ಹಿಂದಿನ ಪರದೆಯ ಹತ್ತಿರ ಕನ್ನಡಿ ಒರೆಸುತ್ತ ನಿಂತಿದ್ದಳು. ಒರೆಸುವ ಕೈ ನಿಂತಿತು.

ಕೆಂಡಕ್ಕ ಫೋನನ್ನು, ಪೆಟ್ಟಿಗೆಯನ್ನು ಹಿಡಿಯುವಂತೆ, ಕೆನ್ನೆಯ ಹತ್ತಿರ ತಂದಳು. "ಕೇಳೋ. ಪೆಟ್ಟಿಗೆ ಹಿಡಿದಿದ್ದು ಅವಳು. ಇನ್ನೂ ಬಿಸಿ ಅಂದಿದ್ದು ನಾನು. ಬೀದಿಗೂ ನಾನೇ ಹೇಳ್ತೀನಿ. ಹಾಗಂತ ಅವಳೇನು ಬಂಗಾರ ಅಲ್ಲ. ತೋಳು ಮಡಿಸೋಕೆ ಇವತ್ತಿಗೂ ಬರಲ್ಲ."

"ಅಮ್ಮ!" ಮಗಳ ದನಿ ಏರಿತು. "ನಿಂಗೇನು ಮಂಕು ಕವಿದಿದೆಯಾ? ನಾಳೆ ಅವಳು ನಿನ್ನ—"

ಫೋನನ್ನು ಮೇಜಿನ ಮೇಲೆ ಮಾತಾಡಲು ಬಿಟ್ಟು ಕೆಂಡಕ್ಕ ಸ್ಟೂಲಿನಿಂದ ಇಳಿದಳು. ಪಾದರಕ್ಷೆಯನ್ನು ತಲೆಕೆಳಗು ಮಾಡಿ ಬಡಿದಳು. ಕಲ್ಲೋ ಮೊಳೆಯೋ ಇದೆಯೇ ಎಂದು ಕೈ ಒಳಗೆ ಹಾಕಿ ಸವರಿ ನೋಡಿದಳು. ಆಮೇಲೆ ಹಾಕಿಕೊಂಡಳು.

"ನಾನು ಮಾತಾಡ್ತಾ ಇದ್ದೀನಮ್ಮ, ನಾನು ನಿನ್ನ ಒಳ್ಳೇದಕ್ಕೇ—" ಎಂದು ಮಗಳು ಅಡ್ಡ ಬಂದಳು.

"ಏ ಬೆಣ್ಣೆಗೈ, ಕನ್ನಡಿ ತಗೊಂಡು ಬಾ. ಕಿಟಕಿ ಬಿಸಿಲು ಸರಿದು ಹೋಗ್ತಿದೆ," ಎಂದು ಗದರಿಸಿ, ಮಗಳ ಮಾತು ಇನ್ನೂ ಗಾಳಿಯಲ್ಲಿರುವಾಗಲೇ, ಕೆಂಡಕ್ಕ ಕುಂಟುತ್ತ ಪರದೆ ಸರಿಸಿ ಕಿಟಕಿಯ ಕಡೆಗೆ ನಡೆದುಬಿಟ್ಟಳು.