ಅಜ್ಜಿ ನಿಧಾನವಾಗಿ ಸೀರೆ ಉಟ್ಟ ದಿನ

"ಟಕ್ ಟಕ್" ಎಂದು ಬಾಯಲ್ಲೇ ಸದ್ದು ಮಾಡಿ, ಆರು ವರ್ಷದ ತಂಗಿ ಕೋಣೆಯ ಮುಂದೆ ನಿಂತಳು. ಚನ್ನರಾಯಪಟ್ಟಣದ ನಮ್ಮ ಬಾಡಿಗೆ ಮನೆಯ ಆ ಕೋಣೆಗೆ ಬಾಗಿಲಿಲ್ಲ. ಹಳೆಯ ಸೀರೆಯನ್ನೇ ಪರದೆಯಾಗಿ ಇಳಿಬಿಟ್ಟಿದ್ದೇವೆ. ಕೇಳದೆ ಒಳಗೆ ನುಗ್ಗಬಾರದೆಂದು ಅವಳಿಗೂ ತಮ್ಮನಿಗೂ ಹೇಳಿ ಹೇಳಿ ನನಗೆ ಸಾಕಾಗಿತ್ತು. ನುಗ್ಗಿದಾಗಲೆಲ್ಲ ಡೈರಿಯಲ್ಲಿ ಒಂದೊಂದು ಗೆರೆ ಹಾಕುತ್ತಿದ್ದೆ.

ಒಳಗೆ, ಹಿರೀಸಾವೆಯಿಂದ ಬಂದಿದ್ದ ಅಜ್ಜಿ ಸೀರೆ ಬದಲಿಸುತ್ತಿದ್ದರು. ಅಷ್ಟರಲ್ಲಿ ಚೆಂಡು ಬೇಕೆಂದು ತಮ್ಮ ಓಡಿ ಬಂದ. ತಂಗಿ ಅವನ ಅಂಗಿ ಹಿಡಿದು ಎಳೆದಳು.

"ನಿಂತ್ಕಳಲಾ! ಅಜ್ಜಿ ಸೀರೆ ಉಡ್ತಾವ್ರೆ."

"ಅಜ್ಜಿ ತಾನೇ!"

"ಅಜ್ಜಿ ಆದ್ರೂ ಅಷ್ಟೇ ಕಣ್ಲಾ."

ಬಹಳ ಹೊತ್ತಿನ ಮೇಲೆ ಅಜ್ಜಿ ಹೊರಗೆ ಬಂದರು. ನೆರಿಗೆಯನ್ನು ಸವರಿಕೊಳ್ಳುತ್ತಾ ನನ್ನತ್ತ ನೋಡಿದರು. "ತುಂಬಿದ ಮನೆಗೆ ಸೊಸೆಯಾಗಿ ಬಂದೋಳು ನಾನು. ಯಾರು ಬಂದ್ಬುಡ್ತಾರೋ ಅಂತ ಕದದ ಮೂಲೇಲಿ ನಿಂತು ಸುತ್ಕಂಡಿದ್ದೇ ಆಯ್ತು. ನಿದಾನಕ್ಕೆ ನೆರಿಗೆ ಹಿಡ್ದಿದ್ದು ಇವತ್ತೇ ಕಣವ್ವ."

ಸಂಜೆ ತಮ್ಮ ಮತ್ತೆ ಕೇಳದೆ ನುಗ್ಗಿದ. ದಣಿವಿನಲ್ಲೇ ಅವನನ್ನು ಹೊರಗೆ ಕಳಿಸಿ, ಮೊದಲಿನಿಂದ ಹೇಳಿಕೊಟ್ಟೆ. ಆ ದಿನದ ಪುಟದಲ್ಲಿ ಮಾತ್ರ ಗೆರೆ ಹಾಕಲಿಲ್ಲ. ಅಜ್ಜಿ ನಿಧಾನವಾಗಿ ಸೀರೆ ಉಟ್ಟರು ಎಂದಷ್ಟೇ ಬರೆದೆ.