ಜಾಲಿ ಕಡಿದ ಮೇಲೆ ಬಂದ ಮೊಲಗಳು

ಚಳಿಗಾಲದ ಮಂಜಿನಲ್ಲಿ ದುಬೈಯಿಂದ ಅಬುಧಾಬಿಗೆ ಹೋಗುವ ದಾರಿ ಅರೆನಿದ್ದೆಯಲ್ಲಿ ಕಂಡಂತೆ ನೆನಪಿದೆ. ಶನಿವಾರ ನಸುಕಿನಲ್ಲಿ ದುಬೈಯ ಕರಾಮದ ಮನೆಯಿಂದ ಹೊರಟರೆ ಕಟ್ಟಡಗಳೆಲ್ಲ ಒಂದೊಂದಾಗಿ ಕರಗಿ, ಮುಂದಿನ ಕಾರಿನ ಕೆಂಪು ದೀಪ ಮಾತ್ರ ಉಳಿಯುತ್ತಿತ್ತು. ಪಕ್ಕದಲ್ಲಿ ಭಾಬಿ. ನಮ್ಮ ಎದುರು ಫ್ಲ್ಯಾಟಿನವರು, ಭಟ್ಕಳದವರು. ಅವರ ಮೈದುನ ಅಬುಧಾಬಿ ಹತ್ತಿರದ ಬನಿಯಾಸ್ ದಾಟಿ ಒಳಗೆ ಒಂದು ತೋಟ ಬಾಡಿಗೆಗೆ ಹಿಡಿದಿದ್ದ. ಭಾಬಿಯ ಮಲ್ಲಿಗೆ ಗಿಡಗಳು ಅಲ್ಲಿದ್ದವು.

ಭಾಬಿ ಊರಿನಲ್ಲಿರುವ ತಮ್ಮ ತಾಯಿಯ ಅಂಗಳದಿಂದ ಕಡ್ಡಿ ತಂದು ಊರಿ ಬೆಳೆಸಿದ ಗಿಡಗಳು ಅವು. ಆ ತಾಯಿಗೆ ಈಗ ಹಾಸಿಗೆ ಬಿಟ್ಟು ಏಳಲಾಗದು. ಮೊಮ್ಮಗಳ, ಅಂದರೆ ಭಾಬಿಯ ಮಗಳ, ಮದುವೆಗೆ ದುಬೈಗೆ ಬರುವ ಮಾತೇ ಇಲ್ಲ. ಅವರು ಕೇಳಿದ್ದು ಇಷ್ಟೇ: ಮದುಮಗಳ ಮುಡಿಯಲ್ಲಿ ನನ್ನ ಗಿಡದ ಹೂವಿರಲಿ. ನಾನು ಉಡುಪಿ ಕಡೆಯವಳು. ಮಲ್ಲಿಗೆ ಅಂದರೆ ನಮ್ಮದು, ನಿಮ್ಮದೆಂತ ಎಂದು ದಾರಿಯುದ್ದಕ್ಕೂ ಅವರನ್ನು ಕೆಣಕುತ್ತಿದ್ದೆ.

ತೋಟದ ಅಂಚಿಗೆಲ್ಲ ಬಳ್ಳಾರಿ ಜಾಲಿ ಹಬ್ಬಿತ್ತು. ನೀರು ಎಷ್ಟು ಆಳದಲ್ಲಿದ್ದರೂ ಬೇರು ಇಳಿಸಿ ಕುಡಿಯುವ ಮುಳ್ಳುಪೀಡೆ. ಅದರ ಬುಡದಲ್ಲಿ ಮೊಲಗಳು. ಯಾರೋ ಸಾಕಿ, ಬೇಸರ ಬಂದು ಬಿಟ್ಟುಹೋದಂಥವು ಪೊದೆಯೊಳಗೆ ಸಂಸಾರ ಹೂಡಿದ್ದವು. ಬಿಳಿ, ಕಂದು, ಮಚ್ಚೆಯವು ಮಂಜಿನೊಳಗಿಂದ ಸದ್ದಿಲ್ಲದೆ ಬಂದು ನಮ್ಮನ್ನೇ ನೋಡುತ್ತ ಕೂರುತ್ತಿದ್ದವು. ನಾನೂ ಮೈಮರೆತು ನೋಡುತ್ತಿದ್ದೆ. ಅವು ಮೇದು ಬೋಳಾದ ಕೊತ್ತಂಬರಿ ಪಾತಿ ಕಂಡಾಗ ಮಾತ್ರ ಸಿಟ್ಟು ಬರುತ್ತಿತ್ತು.

ವಿಷ ಇಡಲು ಭಾಬಿ ಸುತರಾಂ ಒಪ್ಪಲಿಲ್ಲ. ಹಾಗಾದರೆ ಮೊದಲು ಮಲ್ಲಿಗೆಗೆ ಬಲೆ ಕಟ್ಟೋಣ, ಜಾಲಿ ಆಮೇಲೆ ಕಡಿಸೋಣ ಎಂದೆ. ಮೈದುನನದ್ದೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪೊದೆ ಹೋದರೆ ಮೊಲವೂ ಹೋಗುತ್ತದೆ ಎಂದು ವಾದಿಸಿ, ಯಂತ್ರ ತರಿಸಿ, ಜಾಲಿಯನ್ನೆಲ್ಲ ಬೇರುಸಮೇತ ಕೀಳಿಸಿದ. ಎಲ್ಲ ಖಲಾಸ್, ಇನ್ನು ಚಿಂತೆಯಿಲ್ಲ ಎಂದು ಫೋನೂ ಮಾಡಿದ.

ಮುಂದಿನ ಶನಿವಾರ ಹೋದರೆ ಮಲ್ಲಿಗೆ ಸಾಲಿನಲ್ಲಿ ಬರೀ ಕಡ್ಡಿಗಳು. ಮನೆ ಕಳೆದುಕೊಂಡ ಮೊಲಗಳು ಎಲ್ಲಿಗೆ ಹೋದಾವು? ಹಸಿರು ಉಳಿದಿದ್ದ ಕಡೆಗೇ ಬಂದಿದ್ದವು. ಎಲೆ, ಚಿಗುರು ಎಲ್ಲ ಮುಗಿಸಿ ಗಿಡದ ಬುಡದಲ್ಲೇ ಗುಂಡಿ ತೋಡಿ ಮಲಗಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ಮೈದುನನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಬಲೆ, ಬೋನು ತರಲು ಹೋದ.

ಭಾಬಿ ಒಂದು ಕಡ್ಡಿ ಹಿಡಿದು ಕೂತುಬಿಟ್ಟಿದ್ದರು. "ಅಮ್ಮನಿಗೆ ಎಂತ ಹೇಳುದು ಮಾರಾಯ್ತಿ?"

ಊರಲ್ಲಿ ಹೂ ಬರಿಸಲೆಂದು ನನ್ನ ತಾಯಿ ಮಲ್ಲಿಗೆಯ ಎಲೆಯನ್ನೆಲ್ಲ ಕೈಯಾರೆ ತೆಗೆಯುತ್ತಿದ್ದದ್ದು ಆಗ ನೆನಪಾಯಿತು. ಉಗುರಿನಿಂದ ಕಡ್ಡಿ ಗೀರಿ ನೋಡಿದೆ. ಒಳಗೆ ಹಸಿರಿತ್ತು.

"ಸತ್ತಿಲ್ಲ ಭಾಬಿ. ನೀರು ಬಿಡುವ" ಎಂದೆ. ಮದುವೆಯೊಳಗೆ ಮೊಗ್ಗು ಬಂದೀತು ಎನ್ನುವ ಧೈರ್ಯ ಮಾತ್ರ ಬರಲಿಲ್ಲ.

ಬೋನಿಗೆ ಬಿದ್ದ ಮೊಲಗಳನ್ನು ಮೈದುನ ಸಾಕುವವರಿಗೆ ಕೊಟ್ಟ. ಗಿಡಗಳು ಮೆಲ್ಲಗೆ ಚಿಗುರಿದವು, ತೀರಾ ಮೆಲ್ಲಗೆ. ಮದುವೆಯ ಬೆಳಿಗ್ಗೆ ಸಿಕ್ಕಿದ್ದು ಬೊಗಸೆಯೂ ತುಂಬದಷ್ಟು ಮೊಗ್ಗು.

ಅಂಗಡಿಯಿಂದ ತಂದ ಮಾಲೆಗಳು ಬುಟ್ಟಿ ತುಂಬ ಇದ್ದವು. ಅದರ ನಡುವೆ ಎಲ್ಲಾದರೂ ಇದನ್ನು ಸಿಕ್ಕಿಸಿದರಾಯಿತು ಎಂದರು ಹೆಂಗಸರು. ಇಲ್ಲೇ ಹುಟ್ಟಿ ಬೆಳೆದ ಮದುಮಗಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ದಿಸ್ ಓನ್ಲಿ, ಆಂಟಿ" ಎಂದಳು ನನಗೆ.

ನಾನು ಕಟ್ಟಿದ ಗೇಣುದ್ದದ ಮಾಲೆ ಅವಳ ತುಂಬುಜಡೆಯಲ್ಲಿ ಹುಡುಕಿದರೆ ಸಿಗುವಷ್ಟಿತ್ತು. ಮದುಮಗಳ ತಲೆ ಬೋಳು ಎಂದು ಯಾರೋ ಗೊಣಗಿದರು. ಭಾಬಿ ಕಿವಿಗೆ ಹಾಕಿಕೊಳ್ಳದೆ ಊರಿಗೆ ವಿಡಿಯೊ ಕಾಲ್ ಮಾಡಿದರು. ಅಜ್ಜಿ ಮುಖ ನೋಡಿದರು, ಹರಸಿದರು, ಹೂ ತೋರಿಸು ಎಂದರು. ಹುಡುಗಿ ಫೋನಿಗೆ ಬೆನ್ನು ಮಾಡಿ ಕೂತಳು. ಇನ್ನೂ ಹತ್ತಿರ, ಇನ್ನೂ ಹತ್ತಿರ ಎನ್ನುತ್ತಿದ್ದರು ಅಜ್ಜಿ. ಫೋನು ಜಡೆಗೆ ತಾಗಿಯೇಬಿಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ. ಹೊತ್ತಾಯಿತು, ಯಲ್ಲಾ ಯಲ್ಲಾ ಎಂದು ಹೊರಗಿನಿಂದ ಕರೆಯುತ್ತಲೇ ಇದ್ದರು. ಅಜ್ಜಿ ಸಾಕು ಎನ್ನುವವರೆಗೂ ಹುಡುಗಿ ಕದಲಲಿಲ್ಲ.