ಕಾವೂರಿನ ಮಳೆಯಲ್ಲಿ ಬೆಂಡೆ, ಕೆಂಡದಲ್ಲಿ ಬ್ರೆಡ್ಡು

‘ಆ ನೀರಿನ ಊರಾಗ ನೀ ಒಂದು ಮಳಿಗಾಲ ಸೈತ ಬಾಳಂಗಿಲ್ಲ’ ಎಂದವರು ನಮ್ಮ ದೊಡ್ಡಪ್ಪ ಯಂಕಪ್ಪ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಟ್ರಂಕನ್ನು ಬಸ್ಸಿಗೆ ಏರಿಸುತ್ತಲೇ ಹೇಳಿದರು. ನಾನು ಪಿಯುಸಿ ಮುಗಿಸಿದಾಗ, ನಮ್ಮ ಮನೆತನದಲ್ಲಿ ಡಿಗ್ರಿ ಆಗುವುದೆಂದರೆ ಎಮ್ಮೆ ಓದು ಕಲಿತ ಹಾಗೆ ಎಂದವರೂ ಇವರೇ. ಹತ್ತಿ ಬಿಡಿಸಲು ಹೋಗುತ್ತ, ಭತ್ತ ನಾಟಿಗೆ ಹೋಗುತ್ತ ನಾನು ಬಿ.ಕಾಂ. ಮುಗಿಸಿದೆ. ನಮ್ಮ ಮನೆಯಲ್ಲಿ ಮೊದಲ ಪದವಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕೇಳುವವರು ಸುಸ್ತಾದರೂ ಹೇಳುತ್ತೇನೆ.

ಅವ್ವ ದೊಡ್ಡಪ್ಪನಂತೆ ಶಾಪ ಹಾಕಲಿಲ್ಲ, ಕರಾರು ಹಾಕಿದಳು. ‘ದೀಪಾವಳಿ ಮುಗಿದಮ್ಯಾಗ ನಾ ಬಂದು ನೋಡ್ತೀನಿ ರೇಣುಕಾ. ಹೊಟ್ಟಿತುಂಬ ಉಂಡು, ನಾಕು ಮಂದಿ ಜೋಡಿ ನಕ್ಕೋತ ಇದ್ದಿ ಅಂದ್ರ ಇರು. ಇಲ್ಲಾಂದ್ರ ಎರಡು ಟಿಕೇಟ್ ತಗಸಿ ಕರಕೊಂಡ ಬರಾಕಿ.’ ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅವ್ವನ ಮಾತಿಗೆ ಅಪೀಲು ಇಲ್ಲ.

ನಾನು ಮಂಗಳೂರಿಗೆ ಬಂದಾಗ ಮಳೆಗಾಲ ಆಗಷ್ಟೇ ಶುರುವಾಗಿತ್ತು. ಒಂದು ಬೆಳಿಗ್ಗೆ ಬಾಗಿಲ ಹಿಂದೆ ಬಿಟ್ಟಿದ್ದ ನನ್ನ ಚರ್ಮದ ಚಪ್ಪಲಿಯ ಮೇಲೆ ಹಸಿರು ಕೂದಲು ಹುಟ್ಟಿತ್ತು. ಮುಟ್ಟಿ ನೋಡಿದೆ, ಬೂಷ್ಟು. ಟ್ರಂಕು ತೆಗೆದರೆ ಸೀರೆಯ ಮಡಿಕೆಯಲ್ಲಿ ಬೂಷ್ಟು, ಊರಿನಿಂದ ಕಟ್ಟಿ ತಂದ ಜೋಳದ ಹಿಟ್ಟು ಕಲ್ಲಿನಂತೆ ಗಟ್ಟಿ. ನಮ್ಮ ಕಡೆ ಹಪ್ಪಳವನ್ನು ಬೆಳಿಗ್ಗೆ ಬಿಸಿಲಿಗೆ ಹಾಕಿದರೆ ಮಧ್ಯಾಹ್ನಕ್ಕೆ ಖಟಕ್ ಎಂದು ಮುರಿಯುತ್ತದೆ. ಇಲ್ಲಿ ಗಾಳಿಯೇ ಒದ್ದೆ. ಒಗೆದ ಬಟ್ಟೆ ವಾರಗಟ್ಟಲೆ ಹಗ್ಗದ ಮೇಲೆ ಸಂಸಾರ ಮಾಡುತ್ತದೆ. ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಲ್ಲುತ್ತಾರೆ. ಇಲ್ಲಿ ಮಳೆ ನಿಂತರೆ ಹೊರಗೆ ಬರುತ್ತಾರೆ.

ನನಗೆ ಬಂದರಿನ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಅಕ್ಕಪಕ್ಕ ಎಲ್ಲ ಗೋದಾಮು, ಒಣಮೀನಿನ ವಾಸನೆ. ಆ ವಾಸನೆಯ ನಡುವೆ ಒಮ್ಮೆ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳು ಬಂದು ಇಳಿದವು. ಬಿಚ್ಚಿದ ಕೂಡಲೇ ಕಣ್ಣಲ್ಲಿ ನೀರು ಬಂತು. ಎಲ್ಲರೂ ಘಾಟು ಎಂದುಕೊಂಡರು. ನಾನೂ ಹೌದೆಂದೆ.

ಬಾಡಿಗೆ ಮನೆ ಕಾವೂರಿನಲ್ಲಿ, ವಾರಿಜಕ್ಕನ ಮನೆಯ ಮಹಡಿಯ ಮೇಲೆ. ಅವರ ಗಂಡ ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಮನೆ. ಗಂಡ ಇನ್ನೂ ಅಲ್ಲೇ ಇದ್ದಾರೆ. ಒಳ್ಳೆಯ ಸಿಮೆಂಟಿನ ಮಾಳಿಗೆ, ಅದರ ಮೇಲೆ ಮತ್ತೆ ತಗಡಿನ ಶೀಟಿನ ಮಾಡು. ಮಾಡು ಎಂದರೆ ಇವರ ಭಾಷೆಯಲ್ಲಿ ಚಾವಣಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ಬೆಳೆದವಳಿಗೆ ಮಾಳಿಗೆಗೇ ಟೋಪಿ ಹಾಕಿದ್ದು ದೊಡ್ಡ ಆಘಾತ. ಅವರಿಗೂ ನನ್ನಿಂದ ಆಘಾತ ತಪ್ಪಲಿಲ್ಲ. ಮೊದಲ ದಿನ ನಾನು ರೊಟ್ಟಿ ಬಡಿಯುವಾಗ ವಾರಿಜಕ್ಕ ಮೆಟ್ಟಿಲು ಹತ್ತಿ ಓಡಿ ಬಂದರು.

‘ಎಂತ ಮಾರಾಯ್ತಿ, ಗೋಡೆ ಒಡೀತಾ ಇದ್ದೀಯಾ?’

‘ರೊಟ್ಟಿ ಮಾಡ್ತಿದ್ದೆ ಅಕ್ಕ.’

‘ರೊಟ್ಟಿಗೆ ಇಷ್ಟು ಪೆಟ್ಟಾ? ಪಾಪ, ಅದೆಂತ ತಪ್ಪು ಮಾಡಿದ್ದು?’

ಇವರಿಗೆ ರೊಟ್ಟಿ ಎಂದರೆ ಕೋಳಿ ಸಾರಿಗೆ ಮುರಿದು ಹಾಕುವ ಅಕ್ಕಿಯ ಗರಿಗರಿ ಹಾಳೆ. ನನ್ನ ಕನ್ನಡವೂ ಅವರಿಗೆ ವಿಚಿತ್ರ. ಮನೆಯೊಳಗೆ ಅವರದು ತುಳು, ಕನ್ನಡವೇನಿದ್ದರೂ ಶಾಲೆಯದು, ಪೇಪರಿನದು. ನಾನು ಕಲಿತ ಮೊದಲ ತುಳು ಮಾತು ‘ಒಣಸ್ ಆಂಡಾ?’, ಊಟ ಆಯಿತೇ ಎಂದು. ಅದನ್ನು ಕೇಳುವವರು ಇರುವುದರಿಂದ ಕಲಿತೆ. ಆಯಿತು ಎಂದು ಸುಳ್ಳು ಹೇಳುತ್ತಿದ್ದೆ. ಕುಚ್ಚಲಕ್ಕಿಯ ದಪ್ಪ ಅನ್ನ ಇಳಿಯುತ್ತಿರಲಿಲ್ಲ, ಜೋಳದ ಹಿಟ್ಟು ಕೆಟ್ಟಿತ್ತು. ದೀಪಾವಳಿ ಮುಗಿಸಿ ಬರುವ ಅವ್ವ ನನ್ನ ಮೂಳೆ ನೋಡಿಯೇ ತೀರ್ಪು ಕೊಡುತ್ತಾಳೆ ಎಂದು ಗೊತ್ತಿತ್ತು.

ಆಗಲೇ ವಾರಿಜಕ್ಕ ಸುದ್ದಿ ತಂದರು. ಅವರ ಮಹಿಳಾ ಮಂಡಲದಲ್ಲಿ ಭಾನುವಾರ ತರಗತಿ, ಮನೆಯಂಗಳದ ತರಕಾರಿ ಮತ್ತು ಮನೆಯಲ್ಲೇ ಬ್ರೆಡ್ಡು. ಕಲಿಸುವವರು ಜೆಸಿಂತಾ ಬಾಯಿ ಎಂಬ ನಿವೃತ್ತ ಟೀಚರು. ಕೊನೆಗೆ ಸರ್ಟಿಫಿಕೇಟ್ ಉಂಟು ಎಂದರು. ಆ ಕೊನೆಯ ಮಾತಿಗೆ ನಾನು ಹೆಸರು ಬರೆಸಿದೆ. ಸರ್ಟಿಫಿಕೇಟ್ ಎಂದರೆ ನನಗೆ ಇವತ್ತಿಗೂ ಆಸೆ, ಮಕ್ಕಳಿಗೆ ಪೆಪ್ಪರ್ಮೆಂಟ್ ಇದ್ದ ಹಾಗೆ. ಜೆಸಿಂತಾ ಬಾಯಿ ಮೊದಲ ದಿನವೇ ಹೇಳಿದರು: ಮನೆಯಲ್ಲಿ ಬೆಳೆಯುವ ಗಿಡವನ್ನು ತಾವೇ ಬಂದು ನೋಡಬೇಕು, ಮನೆಯಲ್ಲಿ ಸುಟ್ಟ ಬ್ರೆಡ್ಡನ್ನು ಕತ್ತರಿಸಿ ನೋಡಬೇಕು, ಎರಡೂ ಸರಿ ಇದ್ದರೆ ಮಾತ್ರ ಕಾಗದ. ನಾನು ಊರಿಗೆ ಫೋನು ಮಾಡಿ ಅವ್ವನಿಗೆ ಹೇಳಿಯೇಬಿಟ್ಟೆ, ನೀನು ಬರುವ ಹೊತ್ತಿಗೆ ನನ್ನ ಕೈಯಲ್ಲಿ ಇನ್ನೊಂದು ಸರ್ಟಿಫಿಕೇಟ್ ಇರುತ್ತದೆ ಎಂದು. ಅವ್ವ ಕೇಳಿದ್ದು ಒಂದೇ: ‘ಬ್ರೆಡ್ಡಾ? ಯಾರಿಗೆ ಆರಾಮಿಲ್ಲ?’ ನಮ್ಮ ಊರಲ್ಲಿ ಬ್ರೆಡ್ಡು ತಿನ್ನುವುದು ಜ್ವರ ಬಂದಾಗ, ಇಲ್ಲವೇ ಸರಕಾರಿ ಆಸ್ಪತ್ರೆಯಲ್ಲಿ. ಇಲ್ಲಿ ಗಟ್ಟಿಮುಟ್ಟಾದ ಜನ ಬೆಳಿಗ್ಗೆ ಬೇಕರಿಯ ಮುಂದೆ ನಿಂತು ಬಿಸಿ ಬ್ರೆಡ್ಡು ಕಟ್ಟಿಸಿಕೊಂಡು ಹೋಗುತ್ತಾರೆ.

ವಾರಿಜಕ್ಕ ಕಾಂಪೌಂಡಿನ ಪಕ್ಕದ ಒಂದು ತುಂಡು ಜಾಗ ಕೊಟ್ಟರು. ನಾನು ಹೊಲದವಳು, ಇವರಿಗೆಲ್ಲ ತೋರಿಸುತ್ತೇನೆ ಎಂದು ಸೆರಗು ಸಿಕ್ಕಿಸಿದೆ. ಕಾಲುವೆ ನೀರಿನ ನಮ್ಮ ಸೀಮೆಯಲ್ಲಿ ತರಕಾರಿಗೆ ಮಡಿ ಮಾಡುತ್ತೇವೆ. ನೆಲ ತಗ್ಗಿಸಿ, ಸುತ್ತ ಬದು ಕಟ್ಟಿ, ಒಂದು ಹನಿ ಹೊರಗೆ ಹೋಗದಂತೆ. ಚೆಂದದ ಮಡಿ ಮಾಡಿ ಬೆಂಡೆ ಬೀಜ ಹಾಕಿದೆ. ಮರುದಿನ ಕೆಲಸದಿಂದ ಬಂದರೆ ಮಡಿ ಕೆರೆಯಾಗಿದೆ, ಬೀಜ ತೇಲುತ್ತಿದೆ, ಒಂದು ಕಪ್ಪೆ ಕುಳಿತು ನನ್ನನ್ನೇ ನೋಡುತ್ತಿದೆ.

ವಾರಿಜಕ್ಕ ಕೊಡೆ ಹಿಡಿದು ಬಂದು ನಿಂತರು. ‘ಇದೆಂತ, ಬೆಂಡೆಗೆ ಸ್ವಿಮ್ಮಿಂಗ್ ಪೂಲಾ?’

‘ನೀರು ನಿಲ್ಲಲಿ ಅಂತ ಮಾಡಿದ್ದೆ ಅಕ್ಕ.’

‘ನೀರು ನಿಲ್ಲಿಸುದಾ? ಇಲ್ಲಿ ನೀರನ್ನು ಓಡಿಸುದು ಮಾರಾಯ್ತಿ.’

ಅವರು ಗುದ್ದಲಿ ತಂದು ಮಣ್ಣನ್ನು ಮೊಣಕಾಲೆತ್ತರದ ಏರಿ ಮಾಡಿ, ಪಕ್ಕದಲ್ಲಿ ನೀರು ಹರಿಯುವ ತೋಡು ಬಿಟ್ಟು ತೋರಿಸಿದರು. ಹುಟ್ಟಿದಾಗಿನಿಂದ ನೀರನ್ನು ಹಿಡಿದಿಡಲು ಕಲಿತ ಕೈ, ನೀರಿಗೆ ದಾರಿ ಬಿಡಲು ಒಪ್ಪಲಿಲ್ಲ. ಆದರೂ ಮಾಡಿದೆ. ಬೆಂಡೆ, ಹರಿವೆ, ಅಲಸಂಡೆ ಎದ್ದವು.

ಆಮೇಲೆ ಬಂತು ಆಟಿ. ಇವರ ಲೆಕ್ಕದಲ್ಲಿ ಅದು ಆಷಾಢದ ಸುಮಾರಿಗೆ ಬರುವ, ಮಳೆ ಬಿಡುವು ಕೊಡದ ತಿಂಗಳು. ಆ ವರ್ಷ ಆಟಿಯಲ್ಲಿ ಮಳೆ ಮಾಯವಾಯಿತು. ನಮ್ಮ ಏಪ್ರಿಲ್ಲಿನ ಬಿಸಿಲು. ಏರಿಯ ಮಣ್ಣು ಬೇಗ ಒಣಗಿ ಗಿಡ ತಲೆ ಬಾಗಿಸಿತು. ನಾನು ಕೊಡದಲ್ಲಿ ನೀರು ಹೊತ್ತರೆ ವಾರಿಜಕ್ಕ ಬಾಯಿ ಮೇಲೆ ಕೈ ಇಟ್ಟರು. ‘ಆಟಿಯಲ್ಲಿ ಗಿಡಕ್ಕೆ ನೀರಾ? ನೋಡಿದವರು ನಿನಗೆ ಹುಚ್ಚು ಅಂತ ಹೇಳ್ತಾರೆ.’ ಅವರ ಅಂಗಳದ ಸೌತೆ ಬಳ್ಳಿ ಒಣಗಿತು. ಅವರು ಅದನ್ನು ಕಿತ್ತು ಹಿಡಿದುಕೊಂಡು ಬಹಳ ಹೊತ್ತು ಆಕಾಶ ನೋಡಿದರು. ಇಷ್ಟು ವರ್ಷ ಇಲ್ಲಿ ಬೆಳೆದವರೂ ನನ್ನಷ್ಟೇ ಹೊಸಬರಂತೆ ನಿಂತದ್ದು ಕಂಡು ನನಗೆ ದಿಗಿಲಾಯಿತು. ಹಾಗಾದರೆ ಈ ಹವೆ ಯಾರಿಗೂ ಗೊತ್ತಿಲ್ಲವೇ?

ಆ ಭಾನುವಾರ ನಾನು ಎರಡೂ ಊರಿನ ಬುದ್ಧಿ ಸೇರಿಸಿದೆ. ಏರಿ ಇವರದು. ಏರಿಯ ನೆತ್ತಿಯಲ್ಲಿ ಸಣ್ಣ ಮಡಿ ನಮ್ಮದು. ಮಡಿಗೆ ಒಂದು ಬಾಯಿ. ಬಿಸಿಲಾದರೆ ಹೆಂಟೆ ಮಣ್ಣಿನಿಂದ ಬಾಯಿ ಕಟ್ಟಿ ನೀರು ಹಾಕುವುದು, ಮಳೆಯಾದರೆ ಕಾಲಿನಿಂದ ಒಡೆದುಬಿಡುವುದು. ಕಾಲುವೆ ಕೆಳಗಿನ ಗದ್ದೆಯಲ್ಲಿ ಸಣ್ಣ ಮಕ್ಕಳೂ ಮಾಡುವ ಕೆಲಸ. ವಾರಿಜಕ್ಕ ಸೊಂಟದ ಮೇಲೆ ಕೈ ಇಟ್ಟು ನೋಡಿ, ತಮ್ಮ ಬಸಳೆಯ ಬುಡಕ್ಕೂ ಹಾಗೆಯೇ ಮಾಡಿಕೊಂಡರು.

ಬ್ರೆಡ್ಡು ಮಾತ್ರ ಏಳಲಿಲ್ಲ. ತರಗತಿಯಲ್ಲಿ ಎಲ್ಲರ ಜೊತೆ ಮಾಡಿದಾಗ ಚೆನ್ನಾಗಿ ಬಂದದ್ದು, ಮನೆಯಲ್ಲಿ ಒಬ್ಬಳೇ ಮಾಡಿದರೆ ಇಟ್ಟಿಗೆ. ವಾರಿಜಕ್ಕನ ಗಂಡ ಗಲ್ಫಿನಿಂದ ತಂದಿಟ್ಟ ಓವನ್ನನ್ನು ಮಹಡಿಗೆ ತಂದುಕೊಂಡು ಮತ್ತೆ ಮತ್ತೆ ಇಟ್ಟಿಗೆ ಸುಟ್ಟೆ. ಕೊನೆಗೆ ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಜೆಸಿಂತಾ ಬಾಯಿಯ ಮೇಜಿನ ಮೇಲಿಟ್ಟೆ. ಅದು ಟಣ್ ಎಂದಿತು.

‘ಹಿಟ್ಟು ಹೇಗೆ ಕಲಸಿದ್ದು ಹೇಳು.’

‘ಎಸರು ಹಾಕಿ.’

‘ಎಸರು ಅಂದ್ರೆ?’

‘ಕುದಿಯೋ ನೀರು.’

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕದಿದ್ದರೆ ರೊಟ್ಟಿ ಬಿರಿಯುತ್ತದೆ. ಏಳು ವರ್ಷದವಳಿದ್ದಾಗ ಅವ್ವ ಕಲಿಸಿದ್ದು. ಹಿಟ್ಟು ಕಂಡರೆ ಕೈ ತಾನಾಗಿ ಎಸರಿನ ಪಾತ್ರೆಗೆ ಹೋಗುತ್ತದೆ.

‘ಯೀಸ್ಟ್ ಅಂದ್ರೆ ಜೀವ ಇರುವಂಥದ್ದು. ನೀನು ಅದನ್ನು ಪ್ರತಿ ಸಲ ಬೇಯಿಸಿ ಕೊಂದದ್ದು’ ಎಂದರು ಜೆಸಿಂತಾ ಬಾಯಿ. ಹಿಂದಿನಿಂದ ಯಾರೋ, ‘ಕೊಲೆ ಕೇಸು’ ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪರೀಕ್ಷೆಯಲ್ಲಿ ಎಂದೂ ಫೇಲಾಗದವಳು ನಾನು.

ಅಂದಿನಿಂದ ಬೆರಳು ಅದ್ದಿ ಉಗುರು ಬೆಚ್ಚಗಿನ ನೀರು ಹಾಕಿದೆ. ಹಿಟ್ಟು ಎದ್ದಿತು, ಆದರೆ ಹವೆ ನೋಡಿಕೊಂಡು. ಮಳೆ ಹಿಡಿದ ದಿನ ಎಷ್ಟು ಕಾದರೂ ಮೇಲೇಳದು. ಸೆಕೆಯ ದಿನ ಕಣ್ಣು ಮಿಟುಕಿಸುವಷ್ಟರಲ್ಲಿ ಪಾತ್ರೆ ದಾಟಿ ಹುಳಿ ನಾತ. ಗಿಡವೂ ಬ್ರೆಡ್ಡೂ ಒಂದೇ ಆಕಾಶವನ್ನು ನೋಡುತ್ತವೆ ಎಂಬುದು ನನಗೆ ಯಾವ ತರಗತಿಯೂ ಹೇಳಿರಲಿಲ್ಲ.

ದೀಪಾವಳಿ ಮುಗಿಯಿತು. ಅವ್ವ ಘಟ್ಟ ಇಳಿದು ಬಂದಳು. ಬಂದವಳೇ ನನ್ನ ತೋಳು ಹಿಡಿದು ನೋಡಿದಳು. ‘ಸಣ್ಣಾಗೀದಿ’ ಎಂದಳು. ಎರಡು ಟಿಕೇಟಿನ ಮಾತು ನೆನಪಾಯಿತು.

ಮರುದಿನ ಶನಿವಾರ. ಭಾನುವಾರ ಬ್ರೆಡ್ಡು ಒಪ್ಪಿಸಬೇಕು. ಮಳೆಗಾಲ ಕಳೆದು ಆಕಾಶ ತೊಳೆದ ಗಾಜಿನ ಹಾಗಿತ್ತು. ನಾನು ಗಿಡಕ್ಕೆ ನೀರು ಹಾಕಿ ಮಡಿಯ ಬಾಯಿಗಳನ್ನು ಕಟ್ಟಿ, ಹಿಟ್ಟು ಕಲಸಿ ಇಟ್ಟೆ. ಮಧ್ಯಾಹ್ನ ಸಮುದ್ರದ ಕಡೆಯಿಂದ ಕಪ್ಪು ಎದ್ದು ಬಂತು. ಸೈಕ್ಲೋನಂತೆ ಎಂದರು ವಾರಿಜಕ್ಕ. ಗಾಳಿಗೆ ಶೀಟಿನ ಮಾಡು ಡೋಲು ಬಡಿದಂತೆ ಬಡಿಯಿತು. ಕರೆಂಟು ಹೋಯಿತು. ಓವನ್ನಿನ ಕೆಂಪು ದೀಪ ಆರಿತು. ಪಾತ್ರೆಯಲ್ಲಿ ಹಿಟ್ಟು ಆಗಲೇ ಅಂಚಿಗೆ ಬಂದಿತ್ತು. ಹೊತ್ತು ಮೀರಿದರೆ ಹುಳಿಯಾಗಿ ಕುಸಿಯುತ್ತದೆ. ಹೊರಗೆ ಬಾಯಿ ಕಟ್ಟಿದ ಮಡಿಗಳು. ಯಾವುದನ್ನು ನೋಡಲಿ ಎಂದು ನಾನು ಬಾಗಿಲಲ್ಲೇ ಕಂಬವಾದೆ.

ಅವ್ವ ಸೀರೆ ಮೇಲೆತ್ತಿ ಕಟ್ಟಿಕೊಂಡು ಮೆಟ್ಟಿಲಿಳಿದಳು. ಯಾರೂ ಹೇಳಿರಲಿಲ್ಲ. ಮಳೆಯಲ್ಲಿ ನಿಂತು, ಒಂದೊಂದೇ ಮಡಿಯ ಬಾಯಿಯನ್ನು ಹಿಮ್ಮಡಿಯಿಂದ ಒಡೆದಳು. ನೀರು ತೋಡಿಗೆ ಹಾರಿತು. ಕೆಳಗಿನ ಜಗಲಿಯಲ್ಲಿ ನಿಂತ ವಾರಿಜಕ್ಕ, ‘ಯಾರು ಇವ್ರಿಗೆ ಹೇಳಿದ್ದು?’ ಎಂದರು.

ಒದ್ದೆಯಾಗಿ ಬಂದ ಅವ್ವನನ್ನು ವಾರಿಜಕ್ಕ ತಮ್ಮ ಬಚ್ಚಲ ಒಲೆಯ ಮುಂದೆ ಕೂರಿಸಿದರು. ಅಲ್ಲಿ ಸ್ನಾನದ ನೀರಿಗೆ ತೆಂಗಿನ ಗೆರಟೆ, ಅಂದರೆ ಚಿಪ್ಪು, ಉರಿಯುತ್ತಿತ್ತು. ನಾನು ಎದ್ದ ಹಿಟ್ಟನ್ನು ಬ್ರೆಡ್ಡಿನ ಡಬ್ಬಿಗೆ ಹಾಕಿಕೊಂಡು ಬಂದು, ಓವನ್ ಆರಿದ ಸುದ್ದಿ ಹೇಳಿದೆ.

‘ಕರೆಂಟ್ ಇಲ್ಲದ್ರೆ ಎಂತ?’ ಎಂದರು ವಾರಿಜಕ್ಕ. ‘ನಮ್ಮ ಅಮ್ಮ ಕೇಕು ಮಾಡುದಕ್ಕೆ ಓವನ್ ಇತ್ತಾ? ಅಡಿಯಲ್ಲೂ ಕೆಂಡ, ಮೇಲೂ ಕೆಂಡ.’ ಹಂಡೆ ಇಳಿಸಿ, ದಪ್ಪ ತಳದ ಪಾತ್ರೆಗೆ ಮರಳು ಹರಡಿ ಒಲೆಗೆ ಇಟ್ಟರು. ಅವ್ವ ಕಾವು ನೋಡಲು ಒಂದು ಚಿಟಿಕೆ ಒಣ ಹಿಟ್ಟು ಮರಳಿನ ಮೇಲೆ ಉದುರಿಸಿದಳು.

‘ಇನ್ನ ಕೆಂಪಾಗಿಲ್ಲ. ಉರಿ ಮುಂದ ಮಾಡ್ರಿ ಅಕ್ಕಾರ.’

‘ಬೇಡ ಅಮ್ಮ, ಕರಟಿ ಹೋಗ್ತದೆ.’

‘ರೊಟ್ಟಿ ಬಡಿಯೋ ಕೈಗೆ ಹೇಳ್ತೀರೇನು?’

‘ಓ, ಇದಾ? ಗೋಡೆ ಒಡಿಯುದು ಇವಳಿಗೆ ಕಲಿಸಿದ್ದು ನೀವಾ?’

ಅವ್ವನಿಗೆ ಅರ್ಧ ಅರ್ಥವಾಯಿತು, ನಕ್ಕಳು. ಹಿಟ್ಟು ಕೆಂಪಾದ ಕೂಡಲೇ ಡಬ್ಬಿಯನ್ನು ಪಾತ್ರೆಯೊಳಗೆ ಇಳಿಸಿ, ಮುಚ್ಚಳದ ಮೇಲೆ ಕೆಂಡ ಸುರಿದರು. ಇಬ್ಬರೂ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಒಬ್ಬಳದು ಸಿಂಧನೂರಿನ ಮಾತು, ಇನ್ನೊಬ್ಬರದು ಮಂಗಳೂರಿನದು. ಗಲ್ಫಿನ ಗಂಡ, ಸತ್ತ ಗಂಡ, ಹೆಣ್ಣುಮಕ್ಕಳು, ಮೊಣಕಾಲು ನೋವು, ಎಲ್ಲ ಬಂದು ಹೋದವು. ಡಿಗ್ರಿ ಮಾಡಿದ ನಾನು ಅವರ ನಡುವೆ ಅನುವಾದಕ್ಕೆ ಎಂದು ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಬ್ರೆಡ್ಡು ಹೊರಬಂದಾಗ ಒಂದು ಬದಿ ಕಪ್ಪು. ಆದರೆ ಎದ್ದಿತ್ತು, ಗುಂಡಗೆ, ಹೊಟ್ಟೆ ತುಂಬಿದವರ ಹಾಗೆ.

ಭಾನುವಾರ ಬೆಳಿಗ್ಗೆ ಜೆಸಿಂತಾ ಬಾಯಿ ಅಂಗಳಕ್ಕೆ ಬಂದರು. ಅಲಸಂಡೆಯ ಚಪ್ಪರ ಗಾಳಿಗೆ ಮಲಗಿತ್ತು. ಬೆಂಡೆ ನಿಂತಿತ್ತು, ಹರಿವೆ ನಿಂತಿತ್ತು. ಒಡೆದ ಬಾಯಿಗಳನ್ನು ಬಗ್ಗಿ ನೋಡಿ, ಇದು ಯಾವ ಊರಿನ ಪದ್ಧತಿ ಎಂದು ಕೇಳಿದರು. ಅರ್ಧ ಇಲ್ಲಿಯದು, ಅರ್ಧ ನಮ್ಮದು ಎಂದೆ. ಆಮೇಲೆ ಮಂಡಲದ ಸಭಾಂಗಣದಲ್ಲಿ ಬ್ರೆಡ್ಡು ಕತ್ತರಿಸಿದರು. ಮೂಗಿಗೆ ಹಿಡಿದರು. ‘ಓವನ್ನಿನದಲ್ಲ ಇದು.’

‘ಕರೆಂಟ್ ಇರ್ಲಿಲ್ಲ ಬಾಯಿ. ಕೆಂಡದಾಗ ಸುಟ್ಟಿದ್ದು.’

ಕಪ್ಪು ಬದಿಯನ್ನು ಚಾಕುವಿನಿಂದ ಕೆರೆದು, ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಆಮೇಲೆ ನನ್ನ ಹೆಸರು ಕರೆದು ಸರ್ಟಿಫಿಕೇಟ್ ಕೈಗೆ ಕೊಟ್ಟರು. ವಾರಿಜಕ್ಕನ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು. ಪಕ್ಕದ ಹೆಂಗಸರು ಅವ್ವನಿಗೆ ಕುರ್ಚಿ ಎಳೆದು ಕೊಟ್ಟು, ಬ್ರೆಡ್ಡಿನ ತುಂಡು ಕೊಟ್ಟು, ಒಣಸ್ ಆಂಡಾ ಎಂದು ಕೇಳುತ್ತಿದ್ದರು. ಅವ್ವ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ಕಾಗದವನ್ನು ಅವ್ವನ ಕೈಗೆ ಕೊಟ್ಟೆ. ಓದಲು ಬಾರದ ಅವಳು ಅದರ ಮೇಲೆ ಬೆರಳಾಡಿಸಿದಳು.

‘ನಿನ್ನ ಹೆಸರಿನ ಮುಂದ ಯಾವ ಊರು ಬರದಾರ?’

‘ಕಾವೂರು, ಮಂಗಳೂರು ಅಂತ ಬರದಾರ ಅವ್ವ.’

ಅವಳು ನನ್ನ ತೋಳನ್ನು ಮತ್ತೊಮ್ಮೆ ಹಿಡಿದು, ಬಿಟ್ಟಳು.

‘ಬರೀಲಿ ಬಿಡು. ನಿನ್ನೂರು ಯಾವುದಂತ ನನಗ ಗೊತ್ತೈತಿ. ನಾಳಿ ಬಸ್ಸಿಗೆ ನನಗೊಬ್ಬಾಕಿಗೇ ಟಿಕೇಟ್ ತಗಸು.’